ಬಂದ್ ದಿನದ ಮೀಟಿಂಗ್

2017ರ ಫೆಬ್ರವರಿಯ ಒಂದು ಮಂಗಳವಾರ. ರಾಜಾಜಿನಗರದ ನಮ್ಮ ಆಫೀಸಿನ ಮೀಟಿಂಗ್ ರೂಮಿನಲ್ಲಿ ನನ್ನ ಎದುರು ಚೆನ್ನೈನಿಂದ ಬಂದ ಲೀಡ್ ಅಪ್ರೈಸರ್ ಕೂತಿದ್ದರು. ಅರವತ್ತರ ಆಸುಪಾಸು, ಹಣೆಗೆ ತೆಳುವಾದ ವಿಭೂತಿ, ಮಾತು ಕಡಿಮೆ. ಬೆಳಿಗ್ಗೆ ಒಂಬತ್ತೂವರೆಯಿಂದ ನಮ್ಮ ಫೈಲುಗಳನ್ನು ಒಂದೊಂದಾಗಿ ಓದುತ್ತಿದ್ದವರು ಹನ್ನೊಂದರ ಸುಮಾರಿಗೆ ಒಂದು ಹಾಳೆಯಲ್ಲಿ ನಿಂತರು. ಅದನ್ನು ನನ್ನ ಕಡೆ ತಿರುಗಿಸಿ, "ಈ ಮೀಟಿಂಗಿನಲ್ಲಿ ನೀವೂ ಇದ್ದಿರಾ?" ಎಂದು ಕೇಳಿದರು.

ಪ್ರಾಜೆಕ್ಟ್ ರಿವ್ಯೂ ಸಭೆಯ ನಡಾವಳಿ ಅದು. ದಿನಾಂಕ 9-9-2016. ಹಾಜರಿದ್ದವರು 11 ಜನ. ಮೂರನೆಯ ಹೆಸರು ನನ್ನದು, ಪಕ್ಕದಲ್ಲಿ ನನ್ನದೇ ಸಹಿ.

"ಇದ್ದೆ ಸರ್."

"ಎಲ್ಲಿ ನಡೆಯಿತು?"

"ಇಲ್ಲೇ, ಇದೇ ರೂಮಿನಲ್ಲಿ."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಆ ದಿನ ನನಗೂ ಬೆಂಗಳೂರಲ್ಲಿ ಕೆಲಸ ಇತ್ತು. ನಮ್ಮ ಬಸ್ಸನ್ನು ಹೊಸೂರಲ್ಲೇ ನಿಲ್ಲಿಸಿದರು. ಬ್ಯಾಗ್ ಹೊತ್ತುಕೊಂಡು ಅತ್ತಿಬೆಲೆಯವರೆಗೆ ನಡೆದೆ. ಅಲ್ಲಿಂದ ಈಚೆಗೆ ಒಂದು ಆಟೊ ಇರಲಿಲ್ಲ. ವಾಪಸ್ ನಡೆದೆ. ನಿಮ್ಮ ಹನ್ನೊಂದು ಜನ ಹೇಗೆ ಬಂದರು?"

ತಮಿಳುನಾಡಿಗೆ ದಿನಕ್ಕೆ 15,000 ಕ್ಯೂಸೆಕ್ ಕಾವೇರಿ ನೀರು ಬಿಡಬೇಕೆಂಬ ಸುಪ್ರೀಂ ಕೋರ್ಟಿನ ಆದೇಶ ಬಂದ ವಾರ ಅದು. 9ನೇ ತಾರೀಖು ಶುಕ್ರವಾರ ಕರ್ನಾಟಕ ಬಂದ್. ಬಿಎಂಟಿಸಿ ಬಸ್ಸು ಬೀದಿಗಿಳಿದಿರಲಿಲ್ಲ. ನಮ್ಮ ಆಫೀಸಿನ ಷಟರ್ ಎತ್ತಿರಲಿಲ್ಲ. ನಾನು ಮನೆಯಲ್ಲಿ ಟಿವಿ ನೋಡಿ, ಬಿಸಿಬೇಳೆಬಾತ್ ತಿಂದು ಮಧ್ಯಾಹ್ನ ಮಲಗಿದ್ದೆ. ಆ ನಡಾವಳಿಯನ್ನು ಬರೆದದ್ದು ಡಿಸೆಂಬರ್ ಕೊನೆಯಲ್ಲಿ, ರಾತ್ರಿ ಹತ್ತು ಗಂಟೆಗೆ. ಕ್ಯಾಲೆಂಡರ್ ನೋಡಿ ಭಾನುವಾರಗಳನ್ನು ಬಿಟ್ಟಿದ್ದೆವು. ಗಣೇಶನ ಹಬ್ಬವನ್ನೂ ಬಿಟ್ಟಿದ್ದೆವು. ಬಂದ್ ಯಾವ ಕ್ಯಾಲೆಂಡರಿನಲ್ಲೂ ಇರುವುದಿಲ್ಲ.

ಅಲ್ಲಿಗೆ ಹೇಗೆ ಬಂದು ಮುಟ್ಟಿದೆವು ಅನ್ನುವುದನ್ನು ಹೇಳಬೇಕಾದರೆ ಹಿಂದಿನ ವರ್ಷದ ಜೂನಿಗೆ ಹೋಗಬೇಕು.

ನಮ್ಮದು 62 ಜನರ ಸಾಫ್ಟ್‌ವೇರ್ ಕಂಪನಿ. ಸಹಕಾರ ಸಂಘಗಳಿಗೆ, ಹಳ್ಳಿಯ ಹಾಲಿನ ಡೇರಿಗಳಿಗೆ ಲೆಕ್ಕಪತ್ರದ ಸಾಫ್ಟ್‌ವೇರ್ ಮಾಡಿಕೊಡುತ್ತೇವೆ. ಹೊಳೆಯುವ ಗಾಜಿನ ಕಟ್ಟಡ ಇಲ್ಲ. ಕೆಳಗೆ ಪ್ಲೈವುಡ್ ಅಂಗಡಿ, ಮೇಲೆ ಎರಡು ಮಹಡಿ ನಾವು. 2016ರ ಜೂನಿನಲ್ಲಿ ಒಂದು ಸರ್ಕಾರಿ ಇಲಾಖೆಯ ಟೆಂಡರ್ ಬರುವ ಸುದ್ದಿ ಸಿಕ್ಕಿತು. ಕೆಲಸ ನಮಗೆ ಹೇಳಿ ಮಾಡಿಸಿದಂತಿತ್ತು. ಅರ್ಹತೆಯ ಷರತ್ತುಗಳಲ್ಲಿ ಒಂದು ಸಾಲು: ಸಿಎಂಎಂಐ ಲೆವೆಲ್ 3 ಅಥವಾ ಮೇಲ್ಪಟ್ಟು. ಎಂ.ಡಿ. ನನ್ನನ್ನು ಕರೆದು, "ಇನ್ಮೇಲೆ ನೀನು ಕ್ವಾಲಿಟಿ ಹೆಡ್, ಇದನ್ನ ತಗೊಂಡು ಬಾ" ಅಂದರು. ತರಕಾರಿ ತಗೊಂಡು ಬಾ ಅನ್ನುವ ಧಾಟಿಯಲ್ಲೇ ಅಂದರು. ನನಗೂ ಅದರಲ್ಲಿ ತಪ್ಪೇನೂ ಕಾಣಲಿಲ್ಲ.

ಈ ಸಿಎಂಎಂಐನ ಹಿನ್ನೆಲೆ ಸ್ವಲ್ಪ ಹೇಳುತ್ತೇನೆ. ಅಮೆರಿಕದ ರಕ್ಷಣಾ ಇಲಾಖೆಗೆ ಹೊರಗಿನವರು ಬರೆದುಕೊಡುತ್ತಿದ್ದ ಸಾಫ್ಟ್‌ವೇರ್ ಹೇಳಿದ ಹೊತ್ತಿಗೆ ಬರುತ್ತಿರಲಿಲ್ಲ, ಹೇಳಿದ ಹಣಕ್ಕೆ ಮುಗಿಯುತ್ತಿರಲಿಲ್ಲ. ಆ ಇಲಾಖೆಯ ದುಡ್ಡಿನಿಂದ 1984ರಲ್ಲಿ ಪಿಟ್ಸ್‌ಬರ್ಗಿನ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಸಾಫ್ಟ್‌ವೇರ್ ಎಂಜಿನಿಯರಿಂಗ್ ಇನ್‌ಸ್ಟಿಟ್ಯೂಟ್ ಶುರುವಾಯಿತು. ಒಂದು ಕಂಪನಿ ಕೆಲಸವನ್ನು ಎಷ್ಟು ಶಿಸ್ತಾಗಿ ಮಾಡುತ್ತದೆ ಎಂದು ಐದು ಮೆಟ್ಟಿಲುಗಳಲ್ಲಿ ಅಳೆಯುವ ಮಾದರಿಯನ್ನು ಅಲ್ಲಿ ಕಟ್ಟಿದರು. 1990ರ ದಶಕದಲ್ಲೇ ಬೆಂಗಳೂರಿನ ಮೊಟೊರೊಲಾ ಘಟಕ ಐದನೇ ಮೆಟ್ಟಿಲು ಹತ್ತಿತು. ಜಗತ್ತಿನಲ್ಲೇ ಆಗ ಅಲ್ಲಿಗೆ ತಲುಪಿದವರು ಬೆರಳೆಣಿಕೆಯಷ್ಟು. ಅಲ್ಲಿಂದ ಈ ಊರಿಗೆ ಲೆವೆಲ್ಲಿನ ಹುಚ್ಚು ಹಿಡಿಯಿತು ಅಂತ ನನ್ನ ಅಂದಾಜು. ನಮ್ಮ ಕಾಲಕ್ಕೆ ಮಾದರಿಯ 1.3ನೇ ಆವೃತ್ತಿ ನಡೆಯುತ್ತಿತ್ತು. ಅದನ್ನು ನೋಡಿಕೊಳ್ಳುತ್ತಿದ್ದ ಸಿಎಂಎಂಐ ಇನ್‌ಸ್ಟಿಟ್ಯೂಟನ್ನು 2016ರಲ್ಲೇ ಇಸಾಕಾ ಎಂಬ ಸಂಸ್ಥೆ ಕೊಂಡುಕೊಂಡಿತ್ತು.

ಆಗ ಲೆವೆಲ್ 3 ಎಂದರೆ 18 ವಿಷಯಗಳಲ್ಲಿ ಅಳತೆ. ಗ್ರಾಹಕ ಕೇಳಿದ್ದನ್ನು ಬರೆದಿಟ್ಟುಕೊಳ್ಳುತ್ತೀರಾ, ಕೆಲಸದ ಯೋಜನೆ ಹಾಕುತ್ತೀರಾ, ಬದಲಾವಣೆ ಆದಾಗ ಯಾರ ಒಪ್ಪಿಗೆ ಪಡೆಯುತ್ತೀರಾ, ಟೆಸ್ಟ್ ಹೇಗೆ ಮಾಡುತ್ತೀರಾ, ಹೀಗೆ. ಅಳೆಯುವುದಕ್ಕೆ ಒಂದು ತಂಡ ಕೂರುತ್ತದೆ. ಕನಿಷ್ಠ ನಾಲ್ಕು ಜನ. ತಂಡದ ಮುಖ್ಯಸ್ಥರಾದ ಲೀಡ್ ಅಪ್ರೈಸರ್‌ಗೆ ಇನ್‌ಸ್ಟಿಟ್ಯೂಟಿನ ಮಾನ್ಯತೆ ಇರಲೇಬೇಕು. ಉಳಿದವರು ನಮ್ಮ ಕಂಪನಿಯವರೂ ಆಗಬಹುದಿತ್ತು, ಆಗ ಮೂರು ದಿನದ ತರಬೇತಿ ಆಗಿದ್ದರೆ ಸಾಕಿತ್ತು. ಅವರು ಕಾಗದವನ್ನೂ ನೋಡುತ್ತಾರೆ, ಕೆಲಸ ಮಾಡುವವರನ್ನು ಕೂರಿಸಿ ಬಾಯಿಮಾತಿನಲ್ಲೂ ಕೇಳುತ್ತಾರೆ. ಎರಡೂ ತಾಳೆಯಾಗಬೇಕು. ಫಲಿತಾಂಶಕ್ಕೆ ಮೂರು ವರ್ಷ ಆಯುಷ್ಯ. ಎಲ್ಲರೂ "ಸರ್ಟಿಫಿಕೇಟ್" ಅನ್ನುತ್ತಾರೆ. ನಿಜಕ್ಕೂ ಅದು ಅಪ್ರೈಸಲ್, ಅಂದರೆ ಆ ಹೊತ್ತಿಗೆ ನೀವು ಹೇಗಿದ್ದೀರಿ ಅನ್ನುವುದರ ಅಳತೆ. ಇದಿಷ್ಟೂ ನನಗೆ ಗೊತ್ತಾದದ್ದು ಪೆಟ್ಟು ತಿಂದ ಮೇಲೆ.

ಮೂರು ಕನ್ಸಲ್ಟೆಂಟರಿಂದ ಕೊಟೇಶನ್ ತರಿಸಿದೆ. ಒಬ್ಬರದು 11 ಲಕ್ಷ, ಒಬ್ಬರದು 7.5 ಲಕ್ಷ, ಮೂರನೆಯವರದು 3.9 ಲಕ್ಷ. ಮೊದಲನೆಯವರು ಒಂದು ವರ್ಷ ಬೇಕು ಅಂದರು. ಎರಡನೆಯವರು ನಮ್ಮ ಪ್ರಾಜೆಕ್ಟುಗಳ ಬಗ್ಗೆ ಅಷ್ಟುದ್ದದ ಪ್ರಶ್ನಾವಳಿ ಕಳಿಸಿದರು. ತುಂಬಲು ಬೇಜಾರಾಗಿ ನಾನು ಉತ್ತರ ಕಳಿಸಲೇ ಇಲ್ಲ. ಮೂರನೆಯವನು ಎಂ.ಡಿ.ಯವರ ಭಾವಮೈದುನನ ಪರಿಚಯ. ಮಲ್ಲೇಶ್ವರದ ಹೋಟೆಲೊಂದರಲ್ಲಿ ಕಾಫಿ ಕುಡಿಯುತ್ತ, "90 ದಿನ ಸಾರ್, ಲೆವೆಲ್ ತ್ರೀ ಗ್ಯಾರಂಟಿ. ನಿಮ್ಮ ಹುಡುಗರು ಕೆಲಸ ಬಿಟ್ಟು ಬರೋದು ಬೇಡ, ಡಾಕ್ಯುಮೆಂಟೆಲ್ಲ ನಾವೇ ಮಾಡ್ಕೊಡ್ತೀವಿ" ಅಂದ. ತಾನು ಮಾಡಿಸಿಕೊಟ್ಟ ಕಂಪನಿಗಳ ಪಟ್ಟಿ ಎಂದು ಬಣ್ಣದ ಹಾಳೆ ಕೊಟ್ಟ. 14 ಹೆಸರು, 14 ಲೋಗೊ. ಅಪ್ರೈಸಲ್ ಫಲಿತಾಂಶಗಳನ್ನು ಇನ್‌ಸ್ಟಿಟ್ಯೂಟ್ ತನ್ನ ಸೈಟಿನಲ್ಲಿ ಎಲ್ಲರೂ ನೋಡುವಂತೆ ಹಾಕುತ್ತದೆ. ಕಂಪನಿಯ ಹೆಸರು, ಲೆವೆಲ್, ಲೀಡ್ ಅಪ್ರೈಸರ್ ಯಾರು, ಯಾವತ್ತಿಗೆ ಅವಧಿ ಮುಗಿಯುತ್ತದೆ ಎಲ್ಲ ಅಲ್ಲಿರುತ್ತದೆ. ಮಾನ್ಯತೆ ಇರುವ ಲೀಡ್ ಅಪ್ರೈಸರ್‌ಗಳ ಪಟ್ಟಿಯೂ ಅಲ್ಲೇ. ಆ 14 ಹೆಸರುಗಳನ್ನು ಅಲ್ಲಿ ಹಾಕಿ ನೋಡಲು ನನಗೆ ಕಾಲು ಗಂಟೆ ಸಾಕಿತ್ತು. ನೋಡಲಿಲ್ಲ. ಒಬ್ಬರಿಗೂ ಫೋನ್ ಮಾಡಲಿಲ್ಲ. ನಮಗೆ ಬೇಕಾದ ಮಾತನ್ನು ಅವನು ಆಡಿದ್ದ, ನಾವು ಕೇಳಿಸಿಕೊಂಡೆವು.

3.9 ಲಕ್ಷದಲ್ಲಿ ಏನೇನು ಸೇರಿಲ್ಲ ಅನ್ನುವುದು ಒಂದೊಂದಾಗಿ ಹೊರಬಂತು. ಸರ್ವಿಸ್ ಟ್ಯಾಕ್ಸ್ ಶೇ 15 ಬೇರೆ. ಲೀಡ್ ಅಪ್ರೈಸರ್ ಫೀಸು ಬೇರೆ, ಅವರ ವಿಮಾನ, ಹೋಟೆಲ್ ಬೇರೆ. ತಂಡದವರ ಮೂರು ದಿನದ ತರಬೇತಿಗೆ ತಲೆಗಿಷ್ಟು ಎಂದು ಬೇರೆ. "ನಮ್ಮ ಲೀಡ್ ಅಪ್ರೈಸರ್" ಎಂದು ಅವನು ಹೇಳುತ್ತಿದ್ದವರು ಅವನವರೇನೂ ಅಲ್ಲ, ಕೊನೆಗೆ ಹುಡುಕಿ ಗೊತ್ತುಮಾಡಬೇಕಾದವರು ಎಂದು ತಿಳಿದದ್ದು ಡಿಸೆಂಬರಿನಲ್ಲಿ. ಅವನಿಗೆ ಸ್ವಂತ ಮಾನ್ಯತೆ ಇರಲಿಲ್ಲ. ಅರ್ಧ ನಗದು ಕೊಡಿ ಟ್ಯಾಕ್ಸ್ ಉಳಿಯುತ್ತೆ ಎಂದು ಮೊದಲಿಂದ ಹೇಳುತ್ತಿದ್ದವನು, ನವೆಂಬರ್ 8ರ ರಾತ್ರಿ 500, 1,000ದ ನೋಟು ರದ್ದಾದ ಮೇಲೆ ಮಾತ್ರ ಚೆಕ್ ಕೇಳಿದ. ಅವನು ನಿಯಮಕ್ಕೆ ಬಗ್ಗಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಮೊದಲ ದಿನ ಬಂದವನೇ ಪೆನ್‌ಡ್ರೈವ್ ಕೊಟ್ಟ. ಅದರಲ್ಲಿ 340 ಫೈಲು. ನಿಯಮಾವಳಿ, ನಮೂನೆ, ಚೆಕ್‌ಲಿಸ್ಟು. "ಕಂಪನಿ ಹೆಸರು ಬದಲಾಯಿಸಿ ಅಷ್ಟೆ" ಅಂದ. ಕಂಪ್ಯೂಟರಿನಲ್ಲಿ ಹಳೇ ಹೆಸರು ಹುಡುಕಿ ಹೊಸ ಹೆಸರು ಹಾಕುವ ಕೆಲಸಕ್ಕೆ ಇಬ್ಬರು ಹುಡುಗರನ್ನು ಕೂರಿಸಿದೆ. ಮೂರು ದಿನ ಹಿಡಿಯಿತು. ಆದರೂ ಪುಟದ ಅಡಿಯಲ್ಲಿ ಚಿತ್ರವಾಗಿ ಕೂತಿದ್ದ ಇನ್ಯಾರದೋ ಲೋಗೊ ಹಲವು ಕಡೆ ಉಳಿಯಿತು. ಒಂದು ಟೆಸ್ಟಿಂಗ್ ನಿಯಮಾವಳಿಯಲ್ಲಿ ಮೊಬೈಲ್ ಹ್ಯಾಂಡ್‌ಸೆಟ್ಟನ್ನು ಎಷ್ಟು ಎತ್ತರದಿಂದ ಬೀಳಿಸಿ ಪರೀಕ್ಷಿಸಬೇಕು ಎಂದಿತ್ತು. ನಾವು ಮಾಡುವುದು ಹಾಲಿನ ಲೆಕ್ಕ. ನಕ್ಕೆವು. ನಕ್ಕು ಆ ಪ್ಯಾರಾ ಅಳಿಸಿ ಮುಂದಕ್ಕೆ ಹೋದೆವು.

ಹೋಗಲಿ, ಖಾಲಿ ನಮೂನೆಗಳಿಂದ ಪ್ರಯೋಜನ ಇಲ್ಲ. ನಾಲ್ಕು ಪ್ರಾಜೆಕ್ಟುಗಳಲ್ಲಿ ತಿಂಗಳುಗಟ್ಟಲೆ ಅವನ್ನು ಬಳಸಿದ ಸಾಕ್ಷಿ ಬೇಕು. ನಮ್ಮಲ್ಲಿ ಅದು ಇರಲಿಲ್ಲ. 90 ದಿನ ಮುಗಿದು ಅಕ್ಟೋಬರ್ ಬಂದಿತ್ತು. ಆಗ ಅವನು ತಣ್ಣಗೆ ಹೇಳಿದ: "ಹಿಂದಿನ ತಾರೀಖು ಹಾಕಿ ಮಾಡ್ಕೊಳ್ಳಿ. ಎಲ್ರೂ ಹಂಗೇ ಮಾಡೋದು."

ಎಲ್ಲರೂ ಹಾಗೇ ಮಾಡುತ್ತಾರೋ ಇಲ್ಲವೋ ಗೊತ್ತಿಲ್ಲ. ನಾವು ಮಾಡಿದೆವು. ನವೆಂಬರಿನಿಂದ ಜನವರಿಯವರೆಗೆ, ಸಂಜೆ ಆರೂವರೆಗೆ ನಿಜವಾದ ಕೆಲಸ ಮುಗಿಸಿ ಸುಳ್ಳು ಕೆಲಸಕ್ಕೆ ಕೂರುತ್ತಿದ್ದೆವು. ನಡೆಯದ ಸಭೆಗಳ ನಡಾವಳಿ. ಯಾರೂ ಹಾಕದ ಅಂದಾಜುಗಳು. ಬಾರದ ಅಪಾಯಗಳ ಪಟ್ಟಿ, ಅವುಗಳಿಗೆ ನಾವು ಕಂಡುಕೊಂಡ ಪರಿಹಾರ. ಸಹಿಗಳೆಲ್ಲ ಒಂದೇ ಪೆನ್ನಿನಲ್ಲಿ ಕಾಣಬಾರದು ಅಂತ ಅವನೇ ನಾಲ್ಕು ಬಗೆಯ ಪೆನ್ನು ತಂದುಕೊಟ್ಟ. ರಾತ್ರಿ ಹನ್ನೊಂದಕ್ಕೆ ಮನೆಗೆ ಹೋದರೆ ಹೆಂಡತಿ, "ಅಷ್ಟು ಹೊತ್ತು ಏನು ಮಾಡ್ತೀರಿ?" ಅಂತ ಕೇಳುತ್ತಿದ್ದಳು. "ಕ್ವಾಲಿಟಿ" ಅನ್ನುತ್ತಿದ್ದೆ.

ಅದೇ ಡಿಸೆಂಬರಿನಲ್ಲಿ ನಡೆದದ್ದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹಾಲಿಗೆ ದರ ಕಟ್ಟುವುದು ಲೀಟರಿನ ಲೆಕ್ಕದಲ್ಲಿ ಮಾತ್ರ ಅಲ್ಲ, ಅದರ ಜಿಡ್ಡು ಮತ್ತು ಜಿಡ್ಡಲ್ಲದ ಘನಾಂಶದ ಮೇಲೆ. ಡೇರಿಯವರು ಫ್ಯಾಟು, ಎಸ್‌ಎನ್‌ಎಫ್ ಅನ್ನುತ್ತಾರೆ. ಯಾವ ಫ್ಯಾಟಿಗೆ ಎಷ್ಟು ದರ ಅನ್ನುವುದು ದೊಡ್ಡದೊಂದು ಕೋಷ್ಟಕದಲ್ಲಿರುತ್ತದೆ. ಒಕ್ಕೂಟ ದರ ಬದಲಿಸಿದಾಗ ಆ ಕೋಷ್ಟಕವನ್ನು ನಮ್ಮ ಸಾಫ್ಟ್‌ವೇರಿಗೆ ಹಾಕಬೇಕು. ಡಿಸೆಂಬರಿನಲ್ಲಿ ಹೊಸ ದರ ಬಂತು. ಫೋನಿನಲ್ಲಿ ಹೇಳಿದರು, ಫೈಲು ಮೇಲ್ ಮಾಡಿದರು. ಒಬ್ಬ ಹುಡುಗ ಅದನ್ನು ನೇರವಾಗಿ ಚಾಲ್ತಿಯಲ್ಲಿದ್ದ ಸಾಫ್ಟ್‌ವೇರಿಗೇ ಏರಿಸಿದ. ಯಾರೂ ಪರೀಕ್ಷಿಸಲಿಲ್ಲ. ಎಲ್ಲರೂ ಜುಲೈ ತಿಂಗಳ ಪರೀಕ್ಷಾ ವರದಿ ಬರೆಯುವುದರಲ್ಲಿದ್ದೆವು. 3.9 ಫ್ಯಾಟಿನಿಂದ ಕೆಳಗೆ ಸಾಲುಗಳು ಒಂದೊಂದು ಮನೆ ಸರಿದು ಕೂತಿದ್ದವು. ಹತ್ತು ದಿನದ ಬಟವಾಡೆಯಲ್ಲಿ ಸಾವಿರದ ಚಿಲ್ಲರೆ ರೈತರಿಗೆ ದುಡ್ಡು ಕಡಿಮೆ ಹೋಯಿತು. ಒಬ್ಬೊಬ್ಬರಿಗೆ 12 ರೂಪಾಯಿ, 40, 90. ಬೆಂಗಳೂರಿನಲ್ಲಿ ಅದು ಏನೂ ಅಲ್ಲ. ಮಂಡ್ಯದ ಕಡೆಯ ಒಂದು ಸಂಘದ ಕಾರ್ಯದರ್ಶಿ ಬೆಳಿಗ್ಗೆ ಆರಕ್ಕೆ ಫೋನ್ ಮಾಡಿದ. "ಸಾ, ನಾನೇ ತಿಂದೆ ಅಂತವ್ರೆ. ಮನೆ ಮುಂದೆ ಬಂದು ಕುಂತವ್ರೆ. ನಮ್ಮವ್ವ ಅಳ್ತಾ ಕುಂತವ್ಳೆ."

ಮುಂದಿನ ಬಟವಾಡೆಯಲ್ಲಿ ಸರಿಮಾಡಿದೆವು. ಆ ಕಾರ್ಯದರ್ಶಿಯ ಮರ್ಯಾದೆಯ ಲೆಕ್ಕ ಯಾವ ಬಟವಾಡೆಯಲ್ಲಿ ಸರಿಹೋಯಿತೋ ನನಗೆ ಗೊತ್ತಿಲ್ಲ.

ಇದನ್ನು ನಾನು ಕನ್ಸಲ್ಟೆಂಟನಿಗೆ ಹೇಳಿದೆ. ಬದಲಾವಣೆಯನ್ನು ಹಿಡಿತದಲ್ಲಿಡುವುದು ಹೇಗೆ ಅನ್ನುವುದಕ್ಕೇ ಆ ಮಾದರಿಯಲ್ಲಿ ಒಂದು ಇಡೀ ಅಧ್ಯಾಯ ಇದೆ ಅಲ್ಲವಾ, ಇದನ್ನು ಹೇಗೆ ಸರಿಮಾಡೋಣ ಅಂತ ಕೇಳಿದೆ. ಅವನು ಮೊಬೈಲಿನಿಂದ ತಲೆ ಎತ್ತದೆ, "ಅದನ್ನ ಫೈಲಿಗೆ ಸೇರಿಸ್ಬೇಡಿ ಸಾರ್, ವೀಕ್‌ನೆಸ್ ಕಾಣ್ಸುತ್ತೆ" ಅಂದ. ಆ ಮಾತಿನ ನಂತರವಾದರೂ ನಾನು ಎದ್ದುಹೋಗಿ ಎಂ.ಡಿ.ಗೆ ಹೇಳಬೇಕಿತ್ತು, ಇವನು ಬೇಡ ಅಂತ. ಆಗಲೇ 2.6 ಲಕ್ಷ ಕೊಟ್ಟಾಗಿತ್ತು. ಸುಮ್ಮನಾದೆ.

ಇನ್ನೊಂದು ಸಂಗತಿ ಬರೆಯುವುದು ಕಷ್ಟ, ಆದರೆ ಅದನ್ನು ಬಿಟ್ಟರೆ ಉಳಿದದ್ದು ಬರೆದೂ ಪ್ರಯೋಜನವಿಲ್ಲ. ನಮ್ಮಲ್ಲಿ ತಿಪಟೂರಿನ ಕಡೆಯ ಒಬ್ಬ ಹುಡುಗಿ ಟೆಸ್ಟರ್ ಆಗಿದ್ದಳು. ಮೊದಲ ಕೆಲಸ. ನವೆಂಬರ್ 14ಕ್ಕೆ ಸೇರಿದ್ದಳು. ಜನವರಿಯಲ್ಲಿ ಕನ್ಸಲ್ಟೆಂಟ್ ಸಂದರ್ಶನಗಳಿಗೆ ತಾಲೀಮು ಶುರುಮಾಡಿದ. ಪ್ರಶ್ನೆ, ಉತ್ತರ ಎರಡನ್ನೂ ಮುದ್ರಿಸಿ ಹಂಚಿದ್ದ. ಎಸ್ಸೆಸ್ಸೆಲ್ಸಿ ಗೈಡಿನ ಹಾಗೆ. ಎಲ್ಲರೂ ಉರು ಹೊಡೆಯುತ್ತಿದ್ದರು. ಅವಳ ಸರದಿ ಬಂದಾಗ ಜುಲೈ ತಿಂಗಳ ಪರೀಕ್ಷಾ ವರದಿಯೊಂದನ್ನು ಮುಂದಿಟ್ಟು ಸಹಿ ಹಾಕು ಅಂದ. ಹಳೇ ಟೆಸ್ಟರ್ ಕೆಲಸ ಬಿಟ್ಟು ಹೋಗಿದ್ದ, ಸಹಿಗೆ ಜನ ಬೇಕಿತ್ತು.

ಅವಳು ನನ್ನ ಕಡೆ ನೋಡಿದಳು. "ಸರ್, ನಾನು ಸೇರಿದ್ದು ನವೆಂಬರಲ್ಲಿ. ಜುಲೈ ರಿಪೋರ್ಟಿಗೆ ನಾನು ಹೇಗೆ ಸಹಿ ಹಾಕೋದು?"

ರೂಮಿನಲ್ಲಿ ಏಳೆಂಟು ಜನ ಇದ್ದರು. ಎಲ್ಲರೂ ನನ್ನನ್ನೇ ನೋಡಿದರು. "ಫಾರ್ಮ್ಯಾಲಿಟಿ ಅಷ್ಟೇಮ್ಮ, ಹಾಕು" ಅಂದೆ. ಅವಳು ಹಾಕಿದಳು. ಇದನ್ನು ಕನ್ಸಲ್ಟೆಂಟನ ಲೆಕ್ಕಕ್ಕೆ ಬರೆಯಲು ಬರುವುದಿಲ್ಲ. ಹೇಳಿದವನು ನಾನು.

ಮತ್ತೆ ಫೆಬ್ರವರಿಯ ಆ ಮಂಗಳವಾರಕ್ಕೆ ಬರುತ್ತೇನೆ. ಅಪ್ರೈಸಲ್ ಶುರುವಾಗುವ ಕೆಲವು ವಾರ ಮೊದಲು ಲೀಡ್ ಅಪ್ರೈಸರ್ ಬಂದು, ಸಾಕ್ಷ್ಯ ಸಿದ್ಧವಿದೆಯೇ ಎಂದು ನೋಡುವ ಪದ್ಧತಿಯಿದೆ. ರೆಡಿನೆಸ್ ರಿವ್ಯೂ ಅನ್ನುತ್ತಾರೆ. ಆ ಪರಿಶೀಲನೆಗೇ ಅವರು ಬಂದಿದ್ದು. ಬಂದ್ ದಿನದ ನಡಾವಳಿಯ ಮೇಲೆ ನಾನು ಏನು ಉತ್ತರ ಕೊಟ್ಟೆ ಅನ್ನುವುದು ನೆನಪಿಲ್ಲ. ತಾರೀಖು ತಪ್ಪಾಗಿ ಟೈಪಾಗಿರಬೇಕು ಅಂದಿರಬಹುದು. ಅವರು ಜಗಳ ಆಡಲಿಲ್ಲ. ಇನ್ನೂ ಎರಡು ಗಂಟೆ ಕೂತು ಓದಿದರು. ಕಂಪ್ಯೂಟರಿನಲ್ಲಿ ಫೈಲುಗಳು ನಿಜವಾಗಿ ಯಾವತ್ತು ಸೃಷ್ಟಿಯಾದವು ಅನ್ನುವುದನ್ನು ತೋರಿಸಲು ಹೇಳಿದರು. ಜುಲೈ, ಆಗಸ್ಟ್, ಸೆಪ್ಟೆಂಬರಿನ ಫೈಲುಗಳೆಲ್ಲ ಡಿಸೆಂಬರಿನ ಎರಡು ವಾರಗಳಲ್ಲಿ ಹುಟ್ಟಿದ್ದವು. ಅದನ್ನು ನೋಡಿ ಅವರು ನಿಟ್ಟುಸಿರು ಬಿಟ್ಟದ್ದು ನನಗೆ ಕೇಳಿಸಿತು.

ಊಟಕ್ಕೆ ಕರೆದರೆ ಬೇಡ ಅಂದರು. ಎಂ.ಡಿ.ಯವರ ಮುಂದೆ ಹೇಳಿದ್ದು ಎರಡೇ ಮಾತು. ಈ ಅಪ್ರೈಸಲನ್ನು ನಾನು ನಡೆಸುವುದಿಲ್ಲ. ಇಂದು ಬಂದು ಹೋದದ್ದಕ್ಕೆ ಮಾತ್ರ ಬಿಲ್ಲು ಕಳಿಸುತ್ತೇನೆ. ಲಿಫ್ಟಿಲ್ಲದ ಕಟ್ಟಡ ನಮ್ಮದು. ಕೆಳಗಿನವರೆಗೆ ಅವರ ಬ್ಯಾಗು ಹಿಡಿದುಕೊಂಡು ಹೋದೆ. ಪ್ಲೈವುಡ್ ಅಂಗಡಿ ಮುಂದೆ ಕ್ಯಾಬಿಗೆ ಕಾಯುತ್ತ, "ನಿಮ್ಮ ಕನ್ಸಲ್ಟೆಂಟ್ ಎಲ್ಲಿ?" ಎಂದು ಕೇಳಿದರು. ಅವತ್ತು ಅವನು ಬಂದಿರಲಿಲ್ಲ. ಮಗಳಿಗೆ ಜ್ವರ ಅಂದಿದ್ದ.

ಆಮೇಲೆ ಅವನ ಫೋನು ಒಂದು ವಾರ ರಿಂಗಾಯಿತು, ಎತ್ತಲಿಲ್ಲ. ಎತ್ತಿದಾಗ, "ಆ ಅಪ್ರೈಸರ್ ಸರಿ ಇಲ್ಲ, ಬೇರೆಯವ್ರನ್ನ ಕೊಡ್ತೀನಿ, 80 ಸಾವಿರ ಆಗುತ್ತೆ" ಅಂದ. ಅದಕ್ಕೂ ಆಗದಿದ್ದರೆ ಇನ್ನೊಂದು ದಾರಿ ಇದೆ ಅಂದ: ಬೇರೊಂದು ಕಡೆಯಿಂದ 25 ಸಾವಿರಕ್ಕೆ ಲೆವೆಲ್ ತ್ರೀ ಸರ್ಟಿಫಿಕೇಟ್, ಫ್ರೇಮ್ ಹಾಕಿ ಕೊಡ್ತಾರೆ. ಇನ್‌ಸ್ಟಿಟ್ಯೂಟಿಗೂ ಆ ಕಾಗದಕ್ಕೂ ಸಂಬಂಧವೇ ಇಲ್ಲ. ಎಂ.ಡಿ. ಎರಡು ದಿನ ಯೋಚನೆ ಮಾಡಿದರು ಅನ್ನುವುದನ್ನು ಮುಚ್ಚಿಡುವುದಿಲ್ಲ. ಮೂರನೇ ದಿನ ಬೇಡ ಅಂದರು. ಟೆಂಡರು ಕೈತಪ್ಪಿತು. ಎಲ್ಲ ಸೇರಿ ಸುಮಾರು 5.5 ಲಕ್ಷ ಹೋಯಿತು. ಮೂರು ತಿಂಗಳ ಸಂಜೆಗಳಿಗೆ ಬಿಲ್ಲಿಲ್ಲ.

ಮೇ ತಿಂಗಳಲ್ಲಿ ತಿಪಟೂರಿನ ಹುಡುಗಿ ರಾಜೀನಾಮೆ ಕೊಟ್ಟಳು. ಕೊನೆಯ ದಿನ ಕ್ಷಮೆ ಕೇಳಿದೆ. "ಪರವಾಗಿಲ್ಲ ಸರ್" ಅಂದಳು. ಬಾಗಿಲ ತನಕ ಹೋಗಿ ತಿರುಗಿ ಬಂದು, "ನನ್ನ ಸೈನ್ ಇರೋ ಆ ಪೇಪರ್ ಹರಿದುಹಾಕ್ತೀರಾ?" ಎಂದು ಕೇಳಿದಳು. ಬೀರುವಿನಿಂದ ಆ ಫೈಲು ತೆಗೆದು ಅವಳ ಕೈಗೇ ಕೊಟ್ಟೆ. ಅವಳೇ ಹರಿದಳು. ನಾಲ್ಕು ಚೂರು, ಎಂಟು ಚೂರು, ಹದಿನಾರು.

ಎರಡನೆಯ ಬಾರಿಗೆ ಕನ್ಸಲ್ಟೆಂಟರನ್ನು ಹುಡುಕಲು ಹೊರಟಾಗ ನಾನು ಮಾಡಿದ ಮೊದಲ ಕೆಲಸ, ಹಿಂದೆ ನಾನು ಉತ್ತರಿಸದೆ ಬಿಟ್ಟ ಆ ಪ್ರಶ್ನಾವಳಿ ಕಳಿಸಿದ್ದವರನ್ನು ಹುಡುಕಿದ್ದು. ಅವರು ಈ ಕೆಲಸ ಬಿಟ್ಟಿದ್ದರು. ಮೈಸೂರಿನ ಒಬ್ಬ ಮೇಡಂ ಹೆಸರು ಹೇಳಿದರು. ದೊಡ್ಡ ಕಂಪನಿಯೊಂದರಲ್ಲಿ ಬಹಳ ವರ್ಷ ಕ್ವಾಲಿಟಿ ವಿಭಾಗದಲ್ಲಿದ್ದು ನಿವೃತ್ತರಾದವರು. ಫೋನಿನಲ್ಲೇ ದರ ಕೇಳಿದೆ. "ನೋಡದೆ ದರ ಹೇಳೋಕಾಗಲ್ಲ. ಎರಡು ದಿನ ಬಂದು ಸುಮ್ಮನೆ ಕೂರ್ತೀನಿ. ಬಸ್ ಚಾರ್ಜು ಕೊಡಿ ಸಾಕು" ಅಂದರು.

ಬಂದು ಕೂತರು. ನನ್ನ ಹತ್ತಿರ ಅರ್ಧ ಗಂಟೆ ಮಾತಾಡಿದರು ಅಷ್ಟೆ. ಉಳಿದ ಹೊತ್ತೆಲ್ಲ ಸಪೋರ್ಟ್ ಡೆಸ್ಕಿನ ಹುಡುಗನ ಪಕ್ಕ. ಡೇರಿಗಳು ಬೆಳಿಗ್ಗೆ ಐದೂವರೆಗೇ ತೆರೆಯುವುದರಿಂದ ಅವನ ಪಾಳಿ ಐದಕ್ಕೇ ಶುರು. ಎರಡನೇ ದಿನ ಮೇಡಂ ಕೂಡ ಐದಕ್ಕೆ ಬಂದರು. ನಾನು ಒಂಬತ್ತೂವರೆಗೆ ಬಂದಾಗ ಅವರ ಮುಂದೆ ಒಂದು ಉದ್ದನೆಯ ನೋಟ್‌ಬುಕ್ಕಿತ್ತು. ಸಂಘಗಳಿಂದ ಬರುವ ಪ್ರತಿ ಫೋನನ್ನೂ ಆ ಹುಡುಗ ಅದರಲ್ಲಿ ಬರೆದಿಡುತ್ತಿದ್ದ. ತಾರೀಖು, ಸಂಘ, ಏನು ಬದಲಿಸಬೇಕು, ಯಾರಿಗೆ ಹೇಳಿದೆ. ನಾಲ್ಕು ವರ್ಷದಿಂದ. ಅಂಥದೊಂದು ಪುಸ್ತಕ ಇದೆ ಅನ್ನುವುದೇ ಕ್ವಾಲಿಟಿ ಹೆಡ್ ಆದ ನನಗೆ ಗೊತ್ತಿರಲಿಲ್ಲ. ಡಿಸೆಂಬರಿನ ಪುಟ ತೆಗೆದರು. ದರ ಕೋಷ್ಟಕ ಬದಲಿಸಲು ಬಂದ ಫೋನು ಅಲ್ಲಿತ್ತು, ಅವನ ಅಕ್ಷರದಲ್ಲಿ: "ಟೆಸ್ಟ್ ಮಾಡಿ ಹಾಕಿ ಅಂದಿದ್ದಾರೆ."

"340 ಫೈಲು ಬರೆದಿರಿ. ಇದನ್ನ ಯಾರೂ ನೋಡಲಿಲ್ಲವಾ?" ಅಂದರು ಮೇಡಂ. ಬೈಗುಳದ ಧ್ವನಿಯೂ ಇರಲಿಲ್ಲ ಅದರಲ್ಲಿ.

ಅವರ ದರ 8 ಲಕ್ಷ. ಏನೇನು ಸೇರಿದೆ, ಏನು ಸೇರಿಲ್ಲ, ಲೀಡ್ ಅಪ್ರೈಸರಿಗೆ ಅಂದಾಜು ಎಷ್ಟಾಗುತ್ತದೆ ಎಲ್ಲ ಒಂದೇ ಹಾಳೆಯಲ್ಲಿ. ಲೆವೆಲ್ ಗ್ಯಾರಂಟಿ ಕೊಡಿ ಎಂದು ಎಂ.ಡಿ. ಕೇಳಿದರು. "ನಾನು ಕೊಟ್ಟರೆ ನನ್ನನ್ನ ತಗೋಬೇಡಿ" ಅಂದರು. ಅವರಿಗೆ ಸ್ವತಃ ಲೀಡ್ ಅಪ್ರೈಸರ್ ಮಾನ್ಯತೆ ಇತ್ತು, ನಾನೇ ಸೈಟಿನಲ್ಲಿ ಹುಡುಕಿ ನೋಡಿದ್ದೆ. ಆದರೂ ತಾನು ತಯಾರು ಮಾಡಿದ ಕಂಪನಿಯನ್ನು ತಾನೇ ಅಳೆಯುವುದಿಲ್ಲ, ಬೇರೆಯವರನ್ನು ನೀವೇ ಗೊತ್ತುಮಾಡಿ ಅಂದರು. ಹತ್ತು ತಿಂಗಳು ಬೇಕು ಅಂದರು. ಮೂರು ಕಂಪನಿಗಳ ನಂಬರ್ ಕೊಟ್ಟರು. ಈ ಸಲ ಮೂವರಿಗೂ ಫೋನ್ ಮಾಡಿದೆ. ಒಬ್ಬರು, "ತುಂಬಾ ಕಾಟ ಕೊಡ್ತಾರೆ" ಅಂದರು. ಅದನ್ನು ಕೇಳಿ ನನಗೆ ಧೈರ್ಯ ಬಂತು.

ಕಾಟ ನಿಜ. ಪೆನ್‌ಡ್ರೈವಿನ 340 ಫೈಲುಗಳಲ್ಲಿ ಒಂದನ್ನೂ ಇಟ್ಟುಕೊಳ್ಳಲು ಬಿಡಲಿಲ್ಲ. ಸಪೋರ್ಟ್ ಹುಡುಗನ ನೋಟ್‌ಬುಕ್ಕಿಗೆ ಎರಡು ಕಾಲಂ ಸೇರಿಸಿದರು: ಒಪ್ಪಿದವರು ಯಾರು, ಪರೀಕ್ಷಿಸಿದವರು ಯಾರು. ಮೂರು ತಿಂಗಳು ಪುಸ್ತಕದಲ್ಲೇ ನಡೆದು ರೂಢಿಯಾದ ಮೇಲೆ ಕಂಪ್ಯೂಟರಿಗೆ ತಂದೆವು. ದರ ಕೋಷ್ಟಕ ಬದಲಾದಾಗಲೆಲ್ಲ 40 ಮಾದರಿ ಹಾಲಿನ ಲೆಕ್ಕವನ್ನು ಕೈಯಲ್ಲಿ ಹಾಕಿ, ಸಾಫ್ಟ್‌ವೇರಿನ ಲೆಕ್ಕದೊಡನೆ ತಾಳೆ ನೋಡದೆ ಏರಿಸುವಂತಿಲ್ಲ ಎಂದಾಯಿತು. ಸೋಮವಾರದ ಸಭೆ ನಿಜವಾಗಿ ಸೋಮವಾರವೇ ನಡೆಯತೊಡಗಿತು. ನಡೆಯದ ವಾರ "ನಡೆಯಲಿಲ್ಲ" ಎಂದು ಬರೆಯಲು ಹೇಳಿದರು. ಮೊದಲ ಸಲ ಹಾಗೆ ಬರೆಯುವಾಗ ಕೈ ನಡುಗಿತು, ಸುಳ್ಳು ಬರೆಯುವಾಗ ನಡುಗದ ಕೈ. ಕೊನೆಗೆ ನಮ್ಮದು ಅಂತ ಉಳಿದದ್ದು 38 ನಮೂನೆ. ಅವುಗಳಲ್ಲಿ ಕೆಲವು ಇವತ್ತಿಗೂ ನನಗೆ ಅತಿ ಅನ್ನಿಸುತ್ತವೆ. ಸಣ್ಣ ಕಂಪನಿಗೆ ಈ ಮಾದರಿ ಸ್ವಲ್ಪ ದೊಡ್ಡ ಅಂಗಿಯೇ.

ಅಪ್ರೈಸಲ್ 2018ರ ಫೆಬ್ರವರಿಯಲ್ಲಿ ಆಯಿತು. ಚೆನ್ನೈನವರನ್ನೇ ಕೇಳಿದ್ದೆವು, ದಿನ ಖಾಲಿ ಇಲ್ಲ ಅಂದರು. ಅದು ನಿಜವೋ, ನಮ್ಮ ಮುಖ ನೋಡಲು ಇಷ್ಟವಿರಲಿಲ್ಲವೋ. ಪುಣೆಯಿಂದ ಬೇರೊಬ್ಬರು ಬಂದರು. ಸಂದರ್ಶನಕ್ಕೆ ಯಾರಿಗೂ ತಾಲೀಮು ಇರಲಿಲ್ಲ. ಒಳಗೆ ಆಡಿದ ಮಾತು ಯಾರದೆಂದು ಹೊರಗೆ ಬರುವುದಿಲ್ಲ, ಅದು ನಿಯಮ. ಹಾಗಾಗಿ ಯಾರು ಏನು ಹೇಳಿದರೋ ನನಗೆ ಗೊತ್ತಿಲ್ಲ. ಸಪೋರ್ಟ್ ಹುಡುಗ ಒಳಗೆ ಹೋಗುವಾಗ ಹಳೇ ನೋಟ್‌ಬುಕ್ಕು ಕಂಕುಳಲ್ಲಿ ಇಟ್ಟುಕೊಂಡು ಹೋದದ್ದು ಮಾತ್ರ ಕಂಡೆ. ಲೆವೆಲ್ 3 ಬಂತು. ಕೆಲವು ಕೊರತೆಗಳನ್ನೂ ಬರೆದುಕೊಟ್ಟರು. ಆ ವರ್ಷದ ಮೊದಲ ಟೆಂಡರಿನಲ್ಲಿ ಅರ್ಹರಾದೆವು, ದರದಲ್ಲಿ ಸೋತೆವು. ಎರಡನೆಯದು ಸಿಕ್ಕಿತು.

2019ರಲ್ಲಿ ಹುಬ್ಬಳ್ಳಿಯಿಂದ ಒಂದು ಫೋನ್ ಬಂತು. ನಮ್ಮಂಥದೇ ಒಂದು ಸಣ್ಣ ಕಂಪನಿಯವರು. "ಸರ, ನಿಮ್ಮ ಕಂಪನಿಗೆ ಲೆವೆಲ್ ತ್ರೀ ಮಾಡಿಸಿಕೊಟ್ಟಾರಂತಲ್ಲ, ಅವರು ಹ್ಯಾಂಗದಾರು? ಅವರು ಕೊಟ್ಟ ಲಿಸ್ಟಿನ್ಯಾಗ ನಿಮ್ಮ ಹೆಸರು ಐತಿ" ಅಂದರು. ಹೆಸರು ಕೇಳಿದೆ. ಆ 90 ದಿನದ ಗ್ಯಾರಂಟಿಯವನೇ. ಬಣ್ಣದ ಹಾಳೆಯಲ್ಲಿ ಈಗ 23 ಲೋಗೊ ಇವೆಯಂತೆ, ಹದಿನಾರನೆಯದು ನಮ್ಮದು.

ನಲವತ್ತು ನಿಮಿಷ ಮಾತಾಡಿದೆ. ಇಲ್ಲಿ ಬರೆದದ್ದನ್ನೆಲ್ಲ ಹೇಳಿದೆ, ಆ ಹುಡುಗಿಯ ವಿಷಯವೊಂದನ್ನು ಬಿಟ್ಟು. ಅವರು ಆಮೇಲೆ ಯಾರನ್ನು ಆರಿಸಿಕೊಂಡರೋ ತಿಳಿಯಲಿಲ್ಲ. ನಮ್ಮ ಲೋಗೊ ತೆಗೆಯಬೇಕೆಂದು ಅವನಿಗೆ ವಕೀಲರಿಂದ ನೋಟಿಸ್ ಕಳಿಸಿದೆವು. ಅಲ್ಲಿಯವರೆಗೆ ಆ ಪಟ್ಟಿ ಎಷ್ಟು ಜನರ ಕೈಗೆ ಹೋಗಿತ್ತೋ, ವಿಚಾರಿಸಲು ನನಗೆ ಫೋನ್ ಮಾಡಿದವರು ಅವರೊಬ್ಬರೇ.